ಗುರುತು ಅಂಟಿದರೆ ಸಾಕು

ಆಳಂದ
4 ಆಗಸ್ಟ್ 2025

ದೊಡ್ಡವ್ವ, ಸಣ್ಣವ್ವ, ಇಬ್ಬರಿಗೂ ಶರಣು.

ನಿನ್ನೆಯಷ್ಟೇ ಫೋನಿನಲ್ಲಿ ಮಾತಾಡಿದ್ದೇವೆ, ಇವತ್ತು ಕಾಗದ ಯಾಕೆ ಎಂದು ಸಣ್ಣವ್ವ ಹುಬ್ಬೇರಿಸುತ್ತಾಳೆ, ಗೊತ್ತು. ನಿಮ್ಮ ಮನೆಯ ಫೋನು ಫೋನಲ್ಲ, ಡಂಗುರ. ಸಣ್ಣವ್ವ ಸ್ಪೀಕರ್ ಹಚ್ಚುತ್ತಾಳೆ, ದೊಡ್ಡವ್ವ ಅಡುಗೆಮನೆಯಿಂದಲೇ ಉತ್ತರ ಕೂಗುತ್ತಾಳೆ, ಕಬ್ಬಿಗೆ ನೀರು ಬಿಡಲು ಬಂದ ಪರಮೇಶ ನಡುವೆ ತನ್ನದೂ ಒಂದು ಸೇರಿಸುತ್ತಾನೆ. ಇದು ಹಾಗೆ ಕೂಗಿ ಕೇಳುವ ಮಾತಲ್ಲ. ಅದಕ್ಕೇ ಬರೆದು, ನೀವು ರೊಟ್ಟಿ ಕಳಿಸಿದ ಡಬ್ಬಿಯಲ್ಲಿಟ್ಟು, ಅಫಜಲಪುರದ ಬಸ್ಸಿಗೇ ವಾಪಸು ಹಾಕುತ್ತಿದ್ದೇನೆ.

ನನಗೆ ನಾಲ್ಕನೇ ತಿಂಗಳು. ಮೊನ್ನೆ ಡಾಕ್ಟರಮ್ಮ ಕೇಳಿದರು: “ನಿಮ್ಮ ತಾಯಿಗೆ ಬಸಿರಿನಾಗ ಬಿಪಿ ಏರಿತ್ತೇನ್ರಿ? ಹೆರಿಗ್ಯಾಗ ಏನರೆ ತ್ರಾಸ ಆಗಿತ್ತಾ?”

ನಾನು “ಯಾವ ತಾಯಿಗ್ರಿ?” ಎಂದುಬಿಟ್ಟೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಪಕ್ಕದಲ್ಲಿದ್ದ ನಿಮ್ಮ ಅಳಿಯ ಅನೀಲಕುಮಾರ ಛಾವಣಿ ನೋಡಿದರು.

ಹೇಳಬೇಕಾಯಿತು. ಈಗಿಲ್ಲದ ಅಪ್ಪನಿಗೆ ದೊಡ್ಡವ್ವನಲ್ಲಿ ವರ್ಷಗಟ್ಟಲೆ ಮಕ್ಕಳಾಗಲಿಲ್ಲ, ಅದಕ್ಕೆ ದೊಡ್ಡವ್ವನ ತಂಗಿಯೇ ಅದೇ ಮನೆಗೆ ಎರಡನೆಯವಳಾಗಿ ಬಂದಳು, ಬಂದ ವರ್ಷವೇ ಊರು ನಗುವಂತೆ ಅಕ್ಕ ತಂಗಿ ಇಬ್ಬರೂ ಬಸಿರಾದರು. ಎಳ್ಳಮವಾಸ್ಯೆಯ ದಿನ ಜೇವರ್ಗಿಯ ತವರುಮನೆಯಲ್ಲಿ ಇಬ್ಬರೂ ಹೆತ್ತರು. ಎರಡು ಹೆಣ್ಣು ಕೂಸುಗಳಲ್ಲಿ ಒಂದು ಉಳಿಯಿತು, ಅದು ನಾನು. ಎಲ್ಲ ಕೇಳಿಸಿಕೊಂಡು ಡಾಕ್ಟರಮ್ಮ, “ಅದು ಖರೆ. ಆದ್ರ ನೀವು ಯಾರ ಹೊಟ್ಟೀಲಿಂದ ಬಂದವ್ರು?” ಎಂದರು.

“ಅವ್ವಗಳನ್ನ ಕೇಳಿ ಹೇಳ್ತೇನ್ರಿ” ಎಂದೆ. ಇಷ್ಟು ವರ್ಷ ಆ ಉತ್ತರ ನನಗೆ ಬೇಕೆನಿಸಿರಲಿಲ್ಲ. ಶಾಲೆಯಲ್ಲಿ ದೊಡ್ಡವ್ವನ ಹೆಸರು ಬರೆಸಿದಿರಿ, ಹಾಲು ಇಬ್ಬರೂ ಕುಡಿಸಿದಿರಿ, ಬೈಗುಳವನ್ನೂ ಇಬ್ಬರೂ ಕೊಟ್ಟಿರಿ. ನಮ್ಮ ಮನೆಯಲ್ಲಿ ಬರೀ ‘ಅವ್ವ’ ಅನ್ನಿಸಿಕೊಳ್ಳುವವರು ಯಾರೂ ಇರಲಿಲ್ಲ, ದೊಡ್ಡವ್ವ ಸಣ್ಣವ್ವ ಇದ್ದರು, ಅಷ್ಟೇ. ಪ್ರತಿ ಎಳ್ಳಮವಾಸ್ಯೆಗೆ ಹೊಲದಲ್ಲಿ ಊಟ ಮುಗಿದ ಮೇಲೆ ಒಬ್ಬಳು ಸೆರಗಿನಲ್ಲಿ ಸಜ್ಜಿ ಕಡಬು ಮುಚ್ಚಿಕೊಂಡು ಬನ್ನಿಗಿಡದ ಕಡೆ ಹೋಗುತ್ತಿದ್ದಳು, ಇನ್ನೊಬ್ಬಳು ಬಾವಿಯ ಕಡೆ. ಕಾಗೆಗೆ ಇಡುತ್ತೀರಿ ಎಂದುಕೊಂಡಿದ್ದೆ. ಈಗ ಹಾಗೆ ಅನಿಸುತ್ತಿಲ್ಲ.

ಕುಳಿತಲ್ಲಿ ಕುಳಿತಿರಲು ಆಗುತ್ತಿಲ್ಲ. ಹೇಳಿಬಿಡಿ.

ನಿಮ್ಮ
ಶಾಂಭವಿ


ಕರಜಗಿ
19 ಆಗಸ್ಟ್ 2025

ಶಾಂಭವಿಗೆ ಸಣ್ಣವ್ವ ಮಾಡುವ ಆಶೀರ್ವಾದ.

ನಿನ್ನ ಕಾಗದ ಓದಿ ಹೇಳಿದೆ. ಅಕ್ಕ ಹಿಟ್ಟು ನಾದುತ್ತಿದ್ದವಳು ಪರಾತದಲ್ಲೇ ಕೈ ಬಿಟ್ಟು ಕುಳಿತಳು. ಆಮೇಲೆ, “ಕಲಿಸಿದ್ದು ಹೆಚ್ಚಾತು ನೋಡು ಬೇ. ಬೆಳಕು ಎಲ್ಲಿಂದ ಹೋಗ್ತದ, ಹ್ಯಾಂಗ ಹೋಗ್ತದ ಅಂತ ಕಾಲೇಜಿನಾಗ ಪಾಠಾ ಹೇಳ್ಕೋತ ಈಗ ನಮ್ಮ ಹೊಟ್ಟಿಗೇ ಟಾರ್ಚ್ ಹಿಡದಾಳ” ಎಂದಳು. ಆ ದಿನದ ರೊಟ್ಟಿ ಒಂದೂ ದುಂಡಗೆ ಬರಲಿಲ್ಲ.

ಡಾಕ್ಟರಿಗೆ ಹೇಳಬೇಕಾದ್ದು ಇದು. ನನಗೆ ಸೆಳವು ಬಂದು ಎಚ್ಚರ ತಪ್ಪಿತ್ತು. ಅಕ್ಕನಿಗೆ ರಕ್ತ ನಿಲ್ಲದೆ ಎಚ್ಚರ ತಪ್ಪಿತ್ತು. ಊರಿಗೆ ಊರೇ ಭೂತಾಯಿಗೆ ಉಣಿಸುವ ಚರಗ ಚೆಲ್ಲಲು ಹೊಲಕ್ಕೆ ಹೋಗಿತ್ತು, ಓಣಿಯಲ್ಲಿ ಕರೆದರೆ ನಾಯಿಯೂ ಓಗೊಡದ ಮಧ್ಯಾಹ್ನ. ಮನೆಯಲ್ಲಿ ನಮ್ಮವ್ವ ಸಾಬವ್ವ ಒಬ್ಬಳೇ. ಸೂಲಗಿತ್ತಿಯೂ ಅವಳೇ, ನೀರು ಕಾಸುವವಳೂ ಅವಳೇ. ನಾನು ಕಣ್ಣು ಬಿಟ್ಟಾಗ ಪಕ್ಕದಲ್ಲಿ ಅಕ್ಕ, ನಮ್ಮಿಬ್ಬರ ನಡುವೆ ಮೊರದಲ್ಲಿ ಒಂದೇ ಕೂಸು. “ಇಬ್ಬರೂ ಕುಡಸ್ರಿ” ಎಂದಳು ಅವ್ವ. ಕುಡಿಸಿದೆವು.

ಉಳಿದದ್ದು ಯಾರ ಕೂಸೆಂದು ಅವ್ವನಿಗೆ ಗೊತ್ತಿದೆ. ನಮಗೆ ಗೊತ್ತಿಲ್ಲ, ನಾವು ಕೇಳಿಲ್ಲ. ಅಕ್ಕನ ಜೊತೆಗೂ ಈ ಮಾತು ಒಮ್ಮೆಯೂ ಎತ್ತಿಲ್ಲ. ನೀನು ಲೆಕ್ಕ ಕಲಿತವಳು, ಲೆಕ್ಕ ಹಾಕಿ ನೋಡು. ನೀನು ಅಕ್ಕನವಳಾದರೆ ನಾನು ಬರಿದೇ ಬಂದ ಸವತಿ. ನೀನು ನನ್ನವಳಾದರೆ ಅಕ್ಕ ಬಂಜೆ. ಇಬ್ಬರ ಮಗಳಾಗಿದ್ದರೆ ನಾವಿಬ್ಬರೂ ತಾಯಂದಿರು. ಇದರಲ್ಲಿ ಯಾವ ಲೆಕ್ಕ ನಿನಗೆ ತಪ್ಪು ಕಂಡಿತು?

ಹಸಿದಾಗ ಉಣ್ಣು, ಹಸಿಯದಿದ್ದರೂ ಉಣ್ಣು. ಜೇವರ್ಗಿಗೆ ಹೋಗಬೇಡ.

ಶಿವಕಾಂತಾ


ಆಳಂದ
23 ಸೆಪ್ಟೆಂಬರ್ 2025

ದೊಡ್ಡವ್ವ, ಸಣ್ಣವ್ವ,

ಹೋಗಬೇಡ ಎಂದರೆ ಹೋಗುವ ಮಗಳನ್ನು ನೀವೇ ಬೆಳೆಸಿದ್ದೀರಿ. ರವಿವಾರ ಜೇವರ್ಗಿಗೆ ಹೋಗಿದ್ದೆ. ಕಲಬುರಗಿಯಲ್ಲಿ ಬಸ್ಸು ಬದಲಿಸುವಾಗ ವಾಪಸು ಹೋಗಿಬಿಡಲೇ ಎಂದು ಆಳಂದದ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟೆ, ಮತ್ತೆ ಇಳಿದೆ, ಕಂಡಕ್ಟರ್ ಬೈದ.

ಸಾಬವ್ವ ಆಯಿ ಹೊರಸಿನ ಮೇಲೆ ಕುಳಿತು ತೊಗರಿಬೇಳೆ ಆರಿಸುತ್ತಿದ್ದಳು. ಕಣ್ಣು ಮಂಜಾಗಿದೆ, ಬೆರಳಿನಿಂದಲೇ ಕಲ್ಲು ಹಿಡಿಯುತ್ತಾಳೆ. ನನ್ನ ಹೊಟ್ಟೆಯ ಮೇಲೆ ಕೈಯಾಡಿಸಿ ಖುಷಿಪಟ್ಟಳು. ನಾನು ನೀರನ್ನೂ ಕುಡಿಯದೆ ಕೇಳಿದೆ.

“ಆಯಿ, ನಾ ಯಾರ ಮಗಳು?”

“ರೇವಣಪ್ಪನ ಮಗಳು.”

“ಅದು ನನಗೂ ಗೊತ್ತದ. ಹಡದಾಕಿ ಯಾರು?”

ಆಯಿ ಮೊರ ಪಕ್ಕಕ್ಕಿಟ್ಟಳು. ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ನಾನು ತಿದ್ದಿದರೆ ಕೆಡುತ್ತದೆ.

“ಇಬ್ಬರಿಗೂ ಬ್ಯಾನಿ ಕೂಡೇ ಬಂತು. ದೊಡ್ಡಾಕಿ ಕೂಸಿಗೆ ಗುರುತಿಗಂತ ಕೈಯಾಗ ಕರಿದಾರ ಕಟ್ಟೇನಿ. ಎರಡೂ ಮೊರದಾಗ ಮಲಗಿಸೇನಿ. ಅಷ್ಟರಾಗ ಸಣ್ಣಾಕಿಗೆ ಸೆಳವು, ದೊಡ್ಡಾಕಿಗೆ ರಗತ. ಯಾರ ಕಡಿ ಓಡಲಿ? ಅವರನ್ನ ನೋಡಿ ಬರೂತನಾ ಎರಡೂ ಕೂಸು ನೀಲಿಗಟ್ಟಿದ್ವು. ಬಿಸಿನೀರಿನ ಬೋಗುಣ್ಯಾಗ ಎರಡನ್ನೂ ಕೂಡೇ ಹಾಕಿ ತಿಕ್ಕಿದೆ ನೋಡು, ತಿಕ್ಕಿದೆ, ತಿಕ್ಕಿದೆ. ಒಂದು ಅತ್ತಿತು. ಒಂದು ಅಳಲಿಲ್ಲ. ದಾರ ನೀರಾಗ ತೇಲಾಕತ್ತಿತ್ತು.”

“ಅಂದ್ರ?”

“ಅಂದ್ರ ನನಗೂ ಗೊತ್ತಿಲ್ಲ. ನನಗ ಗೊತ್ತದ ಅಂತ ಅವರಿಬ್ಬರೂ ತಿಳಕೊಂಡಾರ. ತಿಳಕೊಳ್ಳಲಿ ಅಂತ ಬಿಟ್ಟೇನಿ. ಯಾರಿಗರೆ ಒಬ್ಬರಿಗೆ ಗೊತ್ತದ ಅಂದ್ರ ಮನಸಿಗೆ ಒಂದು ಆಸರಾ ಇರ್ತದ.”

ಇದನ್ನು ನಿಮಗೆ ಬರೆಯಬಾರದಿತ್ತೇನೋ. ಎರಡು ಸಲ ಬರೆದು ಹರಿದೆ. ಆದರೆ ನನ್ನೊಬ್ಬಳ ಹೊಟ್ಟೆಯಲ್ಲಿ ಇಷ್ಟೆಲ್ಲ ಹಿಡಿಯುವುದಿಲ್ಲ. ಸಿಟ್ಟು ಬಂದರೆ ನನ್ನ ಮೇಲೆ ಬರಲಿ, ಆಯಿಯ ಮೇಲೆ ಬೇಡ.

ಶಾಂಭವಿ


ಆಳಂದ
30 ಅಕ್ಟೋಬರ್ 2025

ದೊಡ್ಡವ್ವ, ಸಣ್ಣವ್ವ,

ರೊಟ್ಟಿ ಬಂತು, ಖಾರದ ಶೇಂಗಾ ಹಿಂಡಿ ಬಂತು, ಕಾಗದ ಬರಲಿಲ್ಲ. ಫೋನಿನಲ್ಲಿ ಕಬ್ಬು, ಮಳೆ, ನನ್ನ ಕಾಲಿನ ಬಾವು, ಇಷ್ಟೇ.

ನಿದ್ದೆ ಇಲ್ಲದವಳು ಪಾಠವಾದರೂ ನೆಟ್ಟಗೆ ಮಾಡಲಿ ಎಂದು ಕಾಲೇಜಿನಲ್ಲಿ ಒಂದು ಪ್ರಯೋಗ ಮಾಡಿಸಿದೆ. ನೀವು ಕಾಡಿಗೆ ಹಿಡಿಯುವ ಹಾಗೆಯೇ ಔಡಲೆಣ್ಣೆಯ ದೀಪಕ್ಕೆ ಗಾಜಿನ ಪಟ್ಟಿ ಹಿಡಿದು ಮಸಿ ಕಟ್ಟಿಸಿದೆವು. ಎರಡು ಬ್ಲೇಡು ಜೋಡಿಸಿ ಒಂದೇ ಎಳೆತಕ್ಕೆ ಎರಡು ಗೆರೆ ಕೊರೆದೆವು. ಈ ಎರಡು ಸಂದಿಗಳ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಮಾರುವ ಕೆಂಪು ಲೇಸರ್ ಬಿಟ್ಟರೆ ಗೋಡೆಯ ಮೇಲೆ ಎರಡು ಗೆರೆ ಬೀಳಬೇಕಲ್ಲವೇ? ಬೀಳುವುದಿಲ್ಲ. ಇಳಕಲ್ ಸೀರೆಯ ದಡಿಯ ಹಾಗೆ ಸಾಲು ಸಾಲು ಪಟ್ಟೆ ಬೀಳುತ್ತವೆ: ಒಂದು ಕೆಂಪು, ಒಂದು ಕತ್ತಲೆ, ಮತ್ತೆ ಕೆಂಪು. ಬೆಳಕನ್ನು ಒಂದೊಂದೇ ಕಾಳಿನಂತೆ ಬಿಟ್ಟರೂ, ಕಾಳು ಕಾಳು ಸೇರಿ ಕೊನೆಗೆ ಅವೇ ಪಟ್ಟೆ ಮೂಡುತ್ತವೆ. ಒಂದೇ ಕಾಳು ಎರಡೂ ಸಂದಿಯಿಂದ ಬಂದಂತೆ. ಇದು ಕತೆಯಲ್ಲ, ದೊಡ್ಡ ಪ್ರಯೋಗಾಲಯಗಳಲ್ಲಿ ಮಾಡಿ ನೋಡಿದ್ದಾರೆ.

ಆಮೇಲೆ ಕೆಟ್ಟ ಕ್ಯಾಲ್ಕುಲೇಟರಿನ ಮುಖದ ಮೇಲಿನ ತೆಳು ಹಾಳೆ ಕತ್ತರಿಸಿ, ಒಂದು ಸಂದಿಗೆ ನಿಲ್ಲಿಸಿ, ಇನ್ನೊಂದಕ್ಕೆ ಅಡ್ಡ ಮಲಗಿಸಿ ಅಂಟಿಸಿದೆವು. ಕೂದಲೆಳೆಯ ಜಾಗ, ಅಂಚಿಗೆ ಅಂಚು ಕೂಡಿಸಲು ಅರ್ಧ ದಿನ ಹಿಡಿಯಿತು. ಆ ಹಾಳೆ ಒಂದೇ ದಿಕ್ಕಿಗೆ ಅಲುಗುವ ಬೆಳಕನ್ನಷ್ಟೇ ಬಿಡುತ್ತದೆ, ಹಾಗಾಗಿ ಬೆಳಕಿಗೆ ಒಂದು ಗುರುತು ಅಂಟುತ್ತದೆ: ಇದು ಈ ಸಂದಿಯದು, ಅದು ಆ ಸಂದಿಯದು. ಹಾಗೆ ಮಾಡಿದ ಕೂಡಲೇ ಪಟ್ಟೆ ಮಾಯ. ಗೋಡೆಯ ಮೇಲೆ ಬರೀ ಕೆಂಪು ಕಲೆ.

ಗುಲಫಶಾ ಎಂಬ ಹುಡುಗಿ ಎದ್ದು ನಿಂತಳು. “ಮೇಡಂ, ಯಾವುದು ಯಾವ ಸಂದಿಯಿಂದ ಬಂತು ಅಂತ ನಾವ್ಯಾರೂ ನೋಡೇ ಇಲ್ಲಲ್ರಿ? ಮತ್ತ ಪಟ್ಟಿ ಯಾಕ ಹೋದ್ವು?”

ಯಾರೂ ನೋಡಬೇಕಿಲ್ಲ, ಗುರುತು ಅಂಟಿದರೆ ಸಾಕು ಎಂದು ಹೇಳಿದೆ. ಹೇಳುತ್ತಿದ್ದಂತೆ ಲೇಸರ್ ಆರಿಸಿದೆ, ಮತ್ತೆ ಹಚ್ಚಿದೆ, ಮತ್ತೆ ಆರಿಸಿದೆ. ಹುಡುಗರು ನಕ್ಕರು, ಮೇಡಂ ಆಟ ಆಡುತ್ತಾರೆ ಎಂದುಕೊಂಡರು.

ಯಾಕೆಂದರೆ ನನ್ನ ಗುರುತು ಆಯಿಯ ಬೋಗುಣಿಯಲ್ಲಿ ಕಳೆದುಹೋಗಿಲ್ಲ. ನನ್ನ ರಕ್ತದಲ್ಲಿದೆ, ಉಗುಳಿನಲ್ಲಿದೆ. ಕಲಬುರಗಿಯಲ್ಲಿ ಕೊಟ್ಟರೆ ಅಲ್ಲಿಂದ ಹೊರಗೆ ಕಳಿಸಿ ಪರೀಕ್ಷೆ ಮಾಡಿಸುತ್ತಾರಂತೆ. ಯಾರು ಓದಲಿ ಬಿಡಲಿ, ಅದು ಅಲ್ಲಿದೆ. ಇದು ಗೊತ್ತಾದ ಮೇಲೆ ಕನ್ನಡಿ ನೋಡಿದರೂ ಯಾರ ಮೂಗು, ಯಾರ ಗದ್ದ ಎಂದು ಹುಡುಕುತ್ತೇನೆ. ಹೀಗೆ ಬದುಕಲು ಆಗುವುದಿಲ್ಲ. ಡಬ್ಬಿಯಲ್ಲಿ ಎರಡು ಹತ್ತಿಯ ಕಡ್ಡಿ ಇಟ್ಟಿದ್ದೇನೆ, ಲಕೋಟೆಯ ಮೇಲೆ ಹೆಸರು ಬರೆದಿದೆ. ಗಲ್ಲದ ಒಳಗೆ ಆಡಿಸಿ ಕಳಿಸಿ. ಇಬ್ಬರೂ ಒಪ್ಪಿದರೆ ಮಾತ್ರ.

ನಿಮ್ಮ, ಅಥವಾ ನಿಮ್ಮಲ್ಲಿ ಒಬ್ಬಳ,
ಶಾಂಭವಿ


ಕರಜಗಿ
9 ನವೆಂಬರ್ 2025

ಶಾಂಭವಿ,

ನಿನ್ನ ದೊಡ್ಡವ್ವ ಬರಿಯೂದು. ಸಾಕ್ಷರತಾದವರು ಕಲಿಸಿದ ಅಕ್ಷರ, ಸೊಟ್ಟ ಅದಾವ, ನಗಬ್ಯಾಡ. ಪುಸ್ತಕದಂಗ ಬರಿಯೋದು ನನಗ ಬರೂದಿಲ್ಲ, ಆಡಿದಂಗ ಬರೀತೇನಿ. ಸಣ್ಣಾಕಿ ಹೊಲಕ್ಕ ಹೋಗ್ಯಾಳ. ಇದು ಆಕಿಗೆ ಗೊತ್ತಾಗಬಾರದು.

ನನ್ನ ಹೆಸರಿನ ಕಡ್ಡಿ ಒಲಿಗೆ ಹಾಕೇನಿ. ಪರೀಕ್ಷಾ ಮಾಡಸಬ್ಯಾಡ, ಆದ್ರ ಮಾಡಿಸೇನಿ ಅಂತ ಹೇಳು. ನೀ ಆಕಿ ಮಗಳು ಅಂತ ಬಂತು ಅನ್ನು.

ಆಕಿಗೆ ಅಫಜಲಪುರದಾಗ ಚಲೋ ಸಂಬಂಧ ಕೂಡಿತ್ತು. ಅಕ್ಕನ ಮನಿ ಮುರೀತದ ಅಂತ ತಾನೇ ಬಿಟ್ಟು ಬಂದು ಸವತಿ ಅನಿಸಿಕೊಂಡಳು. ಇಷ್ಟು ವರ್ಷದಾಗ ಒಮ್ಮೆನೂ ನನ್ನ ಎದುರಿಗೆ ಆ ಮಾತು ಆಡಿಲ್ಲ. ನಾ ಬಂಜಿ ಅನಿಸಿಕೊಂಡಿದ್ದು ನೀ ಹುಟ್ಟೂಕಿನ್ನ ಮೊದಲ, ಅದು ನನಗ ರೂಢಿ ಅದ. ಬರಿದೇ ಬಂದೆ ಅನ್ನೂದು ಆಕಿಗೆ ರೂಢಿ ಇಲ್ಲ. ಆಕಿ ತಡಕೊಳ್ಳೂದಿಲ್ಲ.

ಹೋದ ಕೂಸು ನಂದಾಗಲಿ. ವರ್ಷಾ ಬನ್ನಿಗಿಡದ ಬುಡಕ್ಕ ಅದಕ್ಕ ಕಡಬು ಇಡಾಕಿ ನಾ ಹ್ಯಾಂಗೂ ಅದೇನಿ.

ಗಂಗುಬಾಯಿ


ಕರಜಗಿ
10 ನವೆಂಬರ್ 2025

ಶಾಂಭವಿಗೆ ಸಣ್ಣವ್ವ,

ನೀನು ಕಳಿಸಿದ ಹತ್ತಿಯ ಕಡ್ಡಿಯಿಂದ ಕಿವಿ ಸ್ವಚ್ಛ ಮಾಡಿಕೊಂಡೆ. ಚೆನ್ನಾಗಿದೆ, ಇನ್ನೂ ನಾಲ್ಕು ಕಳಿಸು.

ಅಕ್ಕ ಬಸವಂತರಾಯರ ಮನೆಗೆ ಮಜ್ಜಿಗೆ ಕೊಡಲು ಹೋಗಿದ್ದಾಳೆ. ಬರುವುದರೊಳಗೆ ಬರೆದು ಮುಗಿಸಬೇಕು, ಆದ್ದರಿಂದ ಸುತ್ತಿ ಬಳಸಿ ಬರೆಯುವುದಿಲ್ಲ. ನೀನು ಅಕ್ಕನ ಮಗಳು ಎಂದು ಹೇಳಿಬಿಡು. ಡಾಕ್ಟರು ಹಾಗೆ ಹೇಳಿದರು, ಕಾಲೇಜಿನವರು ಹಾಗೆ ಹೇಳಿದರು, ಏನಾದರೂ ಅನ್ನು. ಸುಳ್ಳು ಹೇಳುವುದು ನನ್ನಿಂದಲೇ ಕಲಿತಿದ್ದೀ, ಈಗ ಉಪಯೋಗಕ್ಕೆ ಬರಲಿ.

ನಾನು ಈ ಮನೆಗೆ ಬಂದು ಅವಳ ಗಂಡನನ್ನು ಅರ್ಧ ಮಾಡಿದೆ, ಮನೆ ಅರ್ಧ ಮಾಡಿದೆ. ನಾನು ಬರದಿದ್ದರೂ ಅವಳಿಗೆ ಆ ವರ್ಷ ಬಸಿರು ನಿಲ್ಲುತ್ತಿತ್ತೋ ಏನೋ, ದೇವರಿಗೇ ಗೊತ್ತು. ಈಗ ಕೂಸೂ ತಂಗಿಯದೇ ಎಂದಾದರೆ ಅವಳಿಗೆ ಉಳಿಯುವುದೇನು? ಮಾತಿನಲ್ಲಿ ಗಟ್ಟಿ, ಒಳಗೆ ಅಲ್ಲ. ಅವಳು ತಡೆದುಕೊಳ್ಳುವುದಿಲ್ಲ.

ಹೋದದ್ದು ನನ್ನದಿರಲಿ. ಎಳ್ಳಮವಾಸ್ಯೆಗೆ ಬಾವಿಯ ಕಟ್ಟೆಯ ಮೇಲೆ ನಾನು ಯಾರಿಗೆ ಕಡಬು ಇಡುತ್ತೇನೆಂದು ಅವಳಿಗೆ ಇಂದಿಗೂ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಶಿವಕಾಂತಾ


ಆಳಂದ
18 ನವೆಂಬರ್ 2025

ದೊಡ್ಡವ್ವ, ಸಣ್ಣವ್ವ,

ಒಂದೇ ಗಂಟಿನಲ್ಲಿ ಎರಡು ಕಾಗದ ಬಂದವು. ಒಂದು ರೊಟ್ಟಿಗಳ ಅಡಿಯಲ್ಲಿ, ಇನ್ನೊಂದು ಹಿಂಡಿಯ ಡಬ್ಬಿಯ ಮುಚ್ಚಳದೊಳಗೆ. ಒಬ್ಬರಿಗೊಬ್ಬರು ಗೊತ್ತಾಗದಂತೆ ಒಂದೇ ಗಂಟು ಕಟ್ಟಿದ್ದೀರಿ. ಓದಿ ಅತ್ತೆ, ಆಮೇಲೆ ನಕ್ಕೆ, ಆಮೇಲೆ ಅನೀಲಕುಮಾರ ಗಾಬರಿಯಾಗಿ ಕೆಲಸ ಬಿಟ್ಟು ಭೂಸನೂರಿನಿಂದ ಓಡಿ ಬರುವಷ್ಟು ಅತ್ತೆ. ಹಿಂಡಿ ಹತ್ತಿದ ಕೈಯಿಂದ ಕಣ್ಣೊರೆಸಿಕೊಂಡದ್ದೂ ಒಂದು ಕಾರಣ.

ಆ ದಿನ ತರಗತಿಯಲ್ಲಿ ಇನ್ನೊಂದು ಮಾಡಿದ್ದೆವು, ನಿಮಗೆ ಬರೆದಿರಲಿಲ್ಲ. ಎರಡು ಸಂದಿಯ ಬೆಳಕೂ ಹಾದುಹೋಗುವ ಹಾಗೆ, ಗೋಡೆಗೂ ಸಂದಿಗೂ ನಡುವೆ ಮೂರನೆಯ ಹಾಳೆಯೊಂದನ್ನು ಓರೆಯಾಗಿ ಹಿಡಿದೆವು. ಅದರಲ್ಲಿ ಹಾದ ಮೇಲೆ ಯಾವುದು ಯಾವ ಸಂದಿಯದೆಂದು ಹೇಳುವ ದಾರಿಯೇ ಉಳಿಯುವುದಿಲ್ಲ. ಪಟ್ಟೆಗಳು ವಾಪಸು ಬಂದವು. ಮೊದಲಿನಷ್ಟು ಬೆಳಕಿಲ್ಲ, ಅರ್ಧ ಬೆಳಕನ್ನು ಹಾಳೆಯೇ ನುಂಗುತ್ತದೆ. ಆದರೆ ಬಂದವು.

ಡಾಕ್ಟರಮ್ಮನಿಗೆ ಸೆಳವೂ ರಕ್ತವೂ ಎರಡನ್ನೂ ಹೇಳಿದೆ. “ಹಡದ ತಾಯಿಗಿರಲಿ, ತಾಯಿ ಅಕ್ಕ-ತಂಗಿಗಿರಲಿ, ನಾ ಕಾಳಜಿ ಮಾಡೂದು ಮಾಡೇ ಮಾಡ್ತೇನಿ. ಎರಡೂ ಬರಕೊಂಡೇನಿ ತಗೋರಿ” ಎಂದರು. ಅಂದರೆ ಅವರಿಗೆ ಉತ್ತರ ಬೇಕೇ ಇರಲಿಲ್ಲ. ಬೇಕಾಗಿದ್ದದ್ದು ನನಗೆ.

ಪುಸ್ತಕದ ಪ್ರಕಾರ ನನ್ನ ರಕ್ತದಲ್ಲಿ ಗುರುತಿರುವುದರಿಂದ ನಮ್ಮ ಮನೆಯಲ್ಲಿ ಪಟ್ಟೆ ಎಂದೂ ಮೂಡಬಾರದಿತ್ತು. ನಾನು ಮೂವತ್ತು ವರ್ಷ ಇಬ್ಬರ ಮಗಳಾಗಿ ಅದರೊಳಗೇ ಬೆಳೆದಿದ್ದೇನೆ. ಬೆಳಕಿಗೆ ತನ್ನ ಗುರುತನ್ನು ಬೇಡ ಅನ್ನುವ ಹಕ್ಕಿಲ್ಲ. ನನಗಿದೆ. ಪರೀಕ್ಷೆ ಮಾಡಿಸುವುದಿಲ್ಲ, ಸುಳ್ಳೂ ಹೇಳುವುದಿಲ್ಲ.

ನಿಮ್ಮ ಎರಡೂ ಕಾಗದ ಇದರೊಳಗಿವೆ. ದೊಡ್ಡವ್ವ ಬರೆದದ್ದನ್ನು ಸಣ್ಣವ್ವ ಓದಲಿ, ಸಣ್ಣವ್ವನದನ್ನು ದೊಡ್ಡವ್ವ ಓದಲಿ. ಗುಟ್ಟು ಒಡೆದೆ, ಬೈಯಿರಿ.

ಶಾಂಭವಿ


ಆಳಂದ
11 ಡಿಸೆಂಬರ್ 2025

ರೊಟ್ಟಿಯೂ ಬರಲಿಲ್ಲ. ಫೋನು ಎತ್ತಿದ ಪರಮೇಶ “ಇಬ್ಬರೂ ಆರಾಮ ಅದಾರ್ರಿ ಅಕ್ಕಾ, ಆದ್ರ ಮಾತಾಡವಲ್ರು” ಎಂದ. ನನ್ನ ಜೊತೆಗೋ, ನಿಮ್ಮ ನಿಮ್ಮಲ್ಲೋ ಎಂದು ಕೇಳುವಷ್ಟರಲ್ಲಿ ಇಟ್ಟುಬಿಟ್ಟ. ನಾನು ಮಾಡಿದ್ದು ತಪ್ಪಾಯಿತೇ? ದಿನ ಹತ್ತಿರ ಬಂದಿದೆ, ಭಯವಾಗುತ್ತದೆ. ಮನೆಯಲ್ಲಿ ಕೋಣೆಯಿಂದ ಕೋಣೆಗೆ ನಡೆಯುತ್ತಿರುತ್ತೇನೆ. ಒಂದು ಸಾಲು ಬರೆಯಿರಿ.

ಶಾಂ.


ಕರಜಗಿ
20 ಡಿಸೆಂಬರ್ 2025

ಶಾಂಭವಿಗೆ,

ಬರೆಯುವವಳು ಸಣ್ಣವ್ವ, ಪಕ್ಕದಲ್ಲಿ ಕುಳಿತು ಹೇಳಿಸುವವಳು ದೊಡ್ಡವ್ವ.

ಓದಿದೆವು. ಅವಳದನ್ನು ನಾನು ಹಿತ್ತಲಲ್ಲಿ, ನನ್ನದನ್ನು ಅವಳು ಒಂದೊಂದೇ ಅಕ್ಷರ ಕೂಡಿಸಿಕೊಂಡು ಒಲೆಯ ಮುಂದೆ. ಆಮೇಲೆ ಜಗಳವಾಯಿತು. ಕೂಸು ನನ್ನದು ಎಂದು ಜಗಳವಾಡುವವರನ್ನು ಊರು ಕಂಡಿದೆ, ನಿನ್ನದು ನಿನ್ನದು ಎಂದು ಕಿತ್ತಾಡಿದವರು ನಾವೇ ಇರಬೇಕು. “ನನಗ ದಾನಾ ಮಾಡಾಕ ಬಂದೀಯೇನ ಬೇ?” ಎಂದಳು ಅಕ್ಕ. ನಾನೂ ಬಿಡಲಿಲ್ಲ. ಮಾತು ಬಿಟ್ಟೆವು, ಒಬ್ಬರು ಉಂಡೆದ್ದ ಮೇಲೆ ಒಬ್ಬರು ಉಂಡೆವು. ಅದಕ್ಕೇ ನಿನಗೆ ರೊಟ್ಟಿಯೂ ಇಲ್ಲ.

ನಿನ್ನೆ ಎಳ್ಳಮವಾಸ್ಯೆ. ಮಾತಿಲ್ಲದೆಯೇ ಕಾಯಿಪಲ್ಯದ ಭಜ್ಜಿ ಮಾಡಿದೆವು, ಮಾತಿಲ್ಲದೆಯೇ ಹೊಲಕ್ಕೆ ಹೋಗಿ ಚರಗ ಚೆಲ್ಲಿದೆವು. ಉಂಡ ಮೇಲೆ ನಾನು ಕಡಬು ತೆಗೆದುಕೊಂಡು ಎದ್ದೆ, ಅವಳೂ ಎದ್ದಳು. ನಾನು ಬಾವಿಯ ಕಡೆ ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಅವಳು ನಿಂತಲ್ಲೇ ನಿಂತಿದ್ದಾಳೆ. ಇನ್ನು ಯಾರಿಂದ ಮುಚ್ಚಿಡುವುದು? ವಾಪಸು ಬಂದೆ. “ಎಲ್ಲಿ ಇಡೂಣು?” ಎಂದಳು. ಇಷ್ಟು ದಿನದಲ್ಲಿ ಅವಳಾಡಿದ ಮೊದಲ ಮಾತು.

ಬದುವಿನ ಮೇಲೆ ಇಟ್ಟೆವು. ನಮ್ಮಿಬ್ಬರ ಕೂಸಿಗೆ ಒಂದೇ ಕಡಬು. ಕುಳಿತು ಅತ್ತೆವು, ಇಬ್ಬರೂ ಕೂಡಿ ಅದಕ್ಕಾಗಿ ಅತ್ತದ್ದು ಅದೇ ಮೊದಲು. ಪರಮೇಶ ದೂರದಿಂದ ನೋಡಿ, ಹಾವು ಕಚ್ಚಿತೇನೋ ಎಂದು ಬಡಿಗೆ ಹಿಡಿದು ಓಡಿ ಬಂದ.

ಸೋಮವಾರದ ಬಸ್ಸಿಗೆ ಇಬ್ಬರೂ ಬರುತ್ತೇವೆ. ಬಾಣಂತನಕ್ಕೆ ಬೇಕಾದ ಅಳವಿ, ಕೊಬ್ಬರಿ, ಉತ್ತತ್ತಿ ಕಟ್ಟಿಟ್ಟಿದ್ದೇವೆ. ನಮಗೆ ಬೇರೆ ಬೇರೆ ಹಾಸಿಗೆ ಬೇಡ.

ಇನ್ನೊಂದು ಕಡಬು ಉಳಿಯಿತು. ಅದನ್ನು ಈ ಗಂಟಿನಲ್ಲಿ ಇಟ್ಟಿದ್ದೇವೆ. ಅದು ನಿನ್ನದು, ತಿನ್ನು.

ನಿನ್ನ
ಅವ್ವ